ಮನೆಯ ದುರಸ್ತಿಯೂ ಮನೆತನದ ಧರ್ಮವೂ

ಹೊಸ ಮನೆಗೆ ಗೃಹಪ್ರವೇಶವುಂಟು, ಆಮಂತ್ರಣ ಪತ್ರಿಕೆಯುಂಟು, ಬಂಧುಬಳಗದ ಊಟವುಂಟು. ಸೋರುವ ಮಾಳಿಗೆಯನ್ನು ಸರಿಪಡಿಸಿದ ದಿನಕ್ಕೆ ಯಾವ ಸಮಾರಂಭವೂ ಇಲ್ಲ. ಕಟ್ಟಿಸಿದವರ ಹೆಸರು ಬಾಗಿಲಿನ ಮೇಲೆ ಉಳಿಯುತ್ತದೆ. ಅದೇ ಮನೆಯನ್ನು ಐವತ್ತು ವರ್ಷ ಕಾಯ್ದುಕೊಂಡು ಬಂದವರ ಹೆಸರು ಎಲ್ಲಿಯೂ ಕಾಣುವುದಿಲ್ಲ. ಆದರೂ ಒಂದು ಮನೆತನದ ಸತ್ತ್ವವನ್ನು ಅರಿಯಬೇಕಾದರೆ ಅದು ಕಟ್ಟಿದ ಬಗೆಯನ್ನಷ್ಟೇ ಅಲ್ಲ, ಕಾಯ್ದುಕೊಂಡ ಬಗೆಯನ್ನೂ ನೋಡಬೇಕು. ಹಿರಿಯರು ಬಿಟ್ಟುಹೋದ ಮನೆಗೆ ನಾವು ಸಲ್ಲಿಸಬೇಕಾದ ಋಣ ಯಾವುದು? ಇದ್ದುದನ್ನು ಇದ್ದಂತೆಯೇ ಇಟ್ಟುಕೊಳ್ಳುವುದೇ? ಅದರ ಮೇಲೆ ಇನ್ನಷ್ಟು ಸೇರಿಸುತ್ತ ಹೋಗುವುದೇ? ವಾಚಕರು ಈ ಪ್ರಶ್ನೆಯನ್ನು ನನ್ನೊಡನೆ ಕೊಂಚ ವಿಚಾರಿಸಿ ನೋಡಬೇಕೆಂದು ಕೋರುತ್ತೇನೆ.

ಕಲಬುರ್ಗಿ, ಬೀದರ, ರಾಯಚೂರು ಸೀಮೆಯವರು ತಮ್ಮ ಊರಿನ ಹಳೆಯ ಮಾಳಿಗೆ ಮನೆಯೊಂದನ್ನು ನೆನಪಿಗೆ ತಂದುಕೊಳ್ಳಲಿ. ದಪ್ಪನಾದ ಕಲ್ಲಿನ ಗೋಡೆ, ಮರದ ಕಂಬ, ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಎಲ್ಲದರ ಮೇಲೆ ಮಣ್ಣಿನ ಹೊದಿಕೆ. ಬೇಸಿಗೆಯ ಉರಿಯಲ್ಲಿಯೂ ಪಡಸಾಲೆ ತಂಪಾಗಿರುತ್ತಿದ್ದುದು ಈ ಮಣ್ಣಿನ ದೆಸೆಯಿಂದಲೇ. ರೋಹಿಣಿ ಮಳೆ ಬೀಳುವ ಮೊದಲು ಮನೆಯ ಯಜಮಾನನು ಸವಳು ಮಣ್ಣನ್ನು ತರಿಸಿ, ಮಾಳಿಗೆಯ ಮೇಲೆ ಹರಡಿ, ಬಡಿದು ಗಟ್ಟಿಮಾಡಿಸುತ್ತಿದ್ದನು. ಅಜ್ಜ ಒಂದು ಪದರ ಹಾಕಿದ, ಅಪ್ಪ ಇನ್ನೊಂದು ಹಾಕಿದ, ಮಗನೂ ಹಾಕಿದ. ಇದರಲ್ಲಿ ಸೋಮಾರಿತನವಿಲ್ಲ, ಅಲಕ್ಷ್ಯವಿಲ್ಲ. ಪ್ರತಿಯೊಬ್ಬನೂ ತನ್ನ ಪಾಲಿನ ಕರ್ತವ್ಯವನ್ನು ಪ್ರಾಮಾಣಿಕವಾಗಿಯೇ ಮಾಡಿದನು. ಆದರೆ ಎಷ್ಟೋ ಮನೆಗಳಲ್ಲಿ ಹೊಸ ಮಣ್ಣು ಹಾಕುವ ಮುನ್ನ ಹಳೆಯ ಮಣ್ಣನ್ನು ಇಳಿಸಬೇಕೆಂದು ಯಾರೂ ಯೋಚಿಸಲಿಲ್ಲ.

ಅದರ ಭಾರವನ್ನು ಲೆಕ್ಕ ಹಾಕಿ ನೋಡಿರಿ. ಹದಿನೈದು ಅಡಿ ಉದ್ದ, ಹತ್ತು ಅಡಿ ಅಗಲದ ಒಂದು ಪಡಸಾಲೆಯ ಮೇಲೆ ಎರಡು ಅಡಿ ದಪ್ಪ ಮಣ್ಣು ಕೂಡಿದರೆ ಅದು 300 ಘನ ಅಡಿಯಾಗುತ್ತದೆ. ಅದರ ತೂಕ 12 ಟನ್ನಿಗೂ ಹೆಚ್ಚು. ಅದರ ಕೆಳಗೆ ಮಕ್ಕಳು ಮಲಗಿರುತ್ತಾರೆ.

1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಗಡಿಯಾಚೆಯ ಲಾತೂರು ಮತ್ತು ಉಸ್ಮಾನಾಬಾದ ಜಿಲ್ಲೆಗಳಲ್ಲಿ, ಕಿಲ್ಲಾರಿಯ ಸುತ್ತಮುತ್ತ ಭೂಮಿ ನಡುಗಿತು. ಒಂಬತ್ತು ಸಾವಿರಕ್ಕೂ ಹೆಚ್ಚು ಜನರು ಅಸುನೀಗಿದರು. ಕಂಪನ ಅಷ್ಟೇನೂ ಅಸಾಧಾರಣವಾಗಿರಲಿಲ್ಲ. ರಿಕ್ಟರ್ ಮಾಪಕದಲ್ಲಿ ಸುಮಾರು 6.2ರಷ್ಟು. ಸಾವು ಇಷ್ಟು ಹೆಚ್ಚಿದ್ದು ಮನೆಗಳ ದೆಸೆಯಿಂದ. ಅಲ್ಲಿಯ ಗೋಡೆಗಳ ಒಳಮೈ ಹೊರಮೈಗಳನ್ನು ಬಂಧಿಸುವ ಉದ್ದಗಲ್ಲುಗಳಿರಲಿಲ್ಲ. ಕಲ್ಲುಗಳ ನಡುವೆ ಕೇವಲ ಮಣ್ಣಿತ್ತು. ತಲೆಯ ಮೇಲೆ ತಲೆಮಾರುಗಳ ಮಣ್ಣಿನ ರಾಶಿಯಿತ್ತು. ಮಳೆಯಿಂದ ಕಾಪಾಡಲೆಂದು ಹಿರಿಯರು ಹೊದಿಸಿದ ಮಣ್ಣೇ ಮೊಮ್ಮಕ್ಕಳ ಮೇಲೆ ಕುಸಿಯಿತು. ಆ ಬಳಿಕ ಉಳಿದ ಮನೆಗಳನ್ನು ಬಲಪಡಿಸಲು ತಜ್ಞರು ಕೊಟ್ಟ ಸಲಹೆಗಳಲ್ಲಿ ಮುಖ್ಯವಾದುದೊಂದು ಅತ್ಯಂತ ಸರಳವಾಗಿತ್ತು: ಮಾಳಿಗೆಯ ಮೇಲಿನ ಹೆಚ್ಚುವರಿ ಮಣ್ಣನ್ನು ಇಳಿಸಿರಿ. ಅದರೊಡನೆ ಗೋಡೆಗೆ ಉದ್ದಗಲ್ಲು ಕೂಡಿಸಿರಿ, ಕಂಬ–ತೊಲೆಗಳ ಕೂಡುವಿಕೆಯನ್ನು ಬಿಗಿಗೊಳಿಸಿರಿ ಎಂದೂ ಹೇಳಿದರು.

ವಾಚಕರೇ, ದುರಸ್ತಿಯೆಂದರೆ ಸೇರಿಸುವುದೆಂದು ನಾವು ಭಾವಿಸಿಕೊಂಡಿದ್ದೇವೆ. ಆದರೆ ಮೊದಲು ಇಳಿಸಲು ಬಾರದವನು ಸೇರಿಸಲು ಅರ್ಹನಲ್ಲ. ಇದು ಮಣ್ಣಿಗೆ ಮಾತ್ರ ಸಲ್ಲುವ ಮಾತೇ? ಮದುವೆಗೆ ಮಾಡಿದ ಸಾಲದ ಮೇಲೆ ತೊಟ್ಟಿಲಿನ ಸಾಲ, ಅಜ್ಜನ ಕಾಲದ ದಾಯಾದಿ ವ್ಯಾಜ್ಯದ ಮೇಲೆ ಅಪ್ಪನ ಕಾಲದ ಮುನಿಸು, ಕಾರಣ ಮರೆತುಹೋದ ಕಟ್ಟುಪಾಡಿನ ಮೇಲೆ ಮತ್ತೊಂದು ಕಟ್ಟುಪಾಡು—ಇವೂ ಪದರ ಪದರವಾಗಿಯೇ ಏರುತ್ತವೆ. ಹಾಕಿದವರೆಲ್ಲ ಸದುದ್ದೇಶದವರೇ. ಸದುದ್ದೇಶವೊಂದೇ ಭಾರವನ್ನು ಹಗುರಮಾಡದು.

ಹೇರುವ ದುರಸ್ತಿಯಂತೆ ಮುಚ್ಚುವ ದುರಸ್ತಿಯೂ ಒಂದುಂಟು. ಮಣ್ಣಿನ ಗೋಡೆಗೆ ಹಿಂದಿನವರು ಸುಣ್ಣ ಬಳಿಯುತ್ತಿದ್ದರು. ನೆಲದಿಂದ ಏರಿದ ತೇವವು ಸುಣ್ಣದ ಮೂಲಕ ಆರಿಹೋಗುತ್ತಿತ್ತು. ಗಟ್ಟಿಯಾಗಲೆಂದು ಅದೇ ಗೋಡೆಗೆ ಸಿಮೆಂಟಿನ ಗಿಲಾವು ಮಾಡಿಸಿದರೆ ನೋಡಲು ಅಂದವಾಗುತ್ತದೆ. ಆದರೆ ತೇವಕ್ಕೆ ಹೊರಹೋಗಲು ದಾರಿಯಿಲ್ಲದಂತಾಗಿ ಒಳಗಿನ ಮಣ್ಣು ಸಡಿಲಗೊಳ್ಳುತ್ತದೆ. ಕೆಲವೇ ವರ್ಷಗಳಲ್ಲಿ ಗಿಲಾವು ಉಬ್ಬಿ ಉದುರುತ್ತದೆ. ಅದರ ಮೇಲೆ ಬಣ್ಣ ಬಳಿದವನು ರೋಗಿಗೆ ಹೊಸ ಅಂಗಿ ತೊಡಿಸಿದಂತೆ. ಹಳೆಯದನ್ನು ಕೆಡವಿ ಆರ್.ಸಿ.ಸಿ. ಮನೆ ಕಟ್ಟಿದರೆ ಈ ತೊಂದರೆಯೇ ಇಲ್ಲವೆಂದು ಕೆಲವರು ಹೇಳಬಹುದು. ಅಲ್ಲಿಯೂ ಬಿರುಕಿನಲ್ಲಿ ನೀರಿಳಿದರೆ ಕಬ್ಬಿಣ ತುಕ್ಕು ಹಿಡಿಯುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಕಾಂಕ್ರೀಟು ಒಡೆದು ಬೀಳುತ್ತದೆ. ದುರಸ್ತಿ ಬೇಡದ ಮನೆಯನ್ನು ಮನುಷ್ಯನು ಇನ್ನೂ ಕಟ್ಟಿಲ್ಲ.

ಇನ್ನು, ಕೈಯಲ್ಲಿರುವ ಹಣ ಎಲ್ಲಕ್ಕೂ ಸಾಲದೆ ಇದ್ದಾಗ ಮೊದಲು ಯಾವುದನ್ನು ಸರಿಪಡಿಸಬೇಕು? ಬೀದಿಗೆ ಕಾಣುವ ಮುಂಬಾಗಿಲನ್ನೋ, ಮುದುಕಿ ತಾಯಿ ನಿತ್ಯ ಜಾರುವ ಬಚ್ಚಲಿನ ಫರಸಿಯನ್ನೋ? ಹೊಗೆ ತುಂಬುವ ಅಡಿಗೆಮನೆಗೆ ಬೆಳಕಿಂಡಿ ಮಾಡಿಸುವುದೋ, ಪಡಸಾಲೆಗೆ ಹೊಳಪಿನ ಕಲ್ಲು ಹಾಸುವುದೋ? ಉತ್ತರ ಎಲ್ಲರಿಗೂ ಗೊತ್ತು. ಆದರೂ ನಮ್ಮ ಮನೆಗಳಲ್ಲಿ ಮುಂಬಾಗಿಲೇ ಮೊದಲಾಗುತ್ತದೆ. ಏಕೆಂದರೆ ಅತಿಥಿಯ ಕಣ್ಣಿಗೆ ನಾವು ಅಂಜುತ್ತೇವೆ, ಮನೆಯವರ ಮೌನಕ್ಕೆ ಅಂಜುವುದಿಲ್ಲ. ಮನೆಯಲ್ಲಿ ಯಾರು ಬಾಯಿಬಿಟ್ಟು ಕೇಳಲಾರರೋ ಅವರ ಕೋಣೆಯಿಂದ ಆರಂಭವಾದ ದುರಸ್ತಿಯೇ ಧರ್ಮಸಮ್ಮತವಾದುದು. ಅಣ್ಣತಮ್ಮಂದಿರ ನಡುವಿನ ಪಾಲುಗೋಡೆಗೂ ಇದೇ ನ್ಯಾಯ. ಅದು ಇಬ್ಬರದೂ ಎಂದು ಹೇಳಿ ಇಬ್ಬರೂ ಬಿಟ್ಟರೆ, ಬೀಳುವಾಗ ಅದು ಪಾಲು ನೋಡಿ ಬೀಳುವುದಿಲ್ಲ.

ಇಲ್ಲಿ ಒಂದು ಸಂದೇಹ ಏಳಬಹುದು. ಜಂತಿ ಬದಲಾಯಿತು, ನೆಲ ಬದಲಾಯಿತು, ಮಾಳಿಗೆಯ ಮಣ್ಣೂ ಇಳಿಯಿತು. ಇನ್ನು ಇದು ಅಜ್ಜನ ಮನೆ ಹೇಗಾದೀತು? ಗ್ರೀಕ್ ಲೇಖಕ ಪ್ಲುಟಾರ್ಕನು ಥೀಸಿಯಸನ ಹಡಗಿನ ವಿಷಯದಲ್ಲಿ ಇದೇ ಚರ್ಚೆಯನ್ನು ದಾಖಲಿಸಿದ್ದಾನೆ. ಅಥೆನ್ಸಿನವರು ಕೊಳೆತ ಹಲಗೆಗಳನ್ನು ಒಂದೊಂದಾಗಿ ತೆಗೆದು ಹೊಸದನ್ನು ಕೂಡಿಸುತ್ತ ಬಂದರು; ಅದು ಅದೇ ಹಡಗೇ, ಬೇರೆಯೇ ಎಂದು ತತ್ತ್ವಜ್ಞರು ವಾದಿಸಿದರು. ಜಪಾನಿನ ಇಸೆ ಎಂಬಲ್ಲಿಯ ದೇವಾಲಯವನ್ನಂತೂ ಇಪ್ಪತ್ತು ವರ್ಷಕ್ಕೊಮ್ಮೆ ಪೂರ್ಣವಾಗಿ ಹೊಸದಾಗಿ ಕಟ್ಟುತ್ತಾರೆ. 2013ರಲ್ಲಿ ಹಾಗೆ ಕಟ್ಟಿದರು. ಆದರೂ ಅದು ಪ್ರಾಚೀನ ದೇವಾಲಯವೆಂದೇ ಪೂಜ್ಯವಾಗಿದೆ, ಏಕೆಂದರೆ ಕಟ್ಟುವ ಕೈಗಳ ಪರಂಪರೆ ಕಡಿದಿಲ್ಲ. ನಮ್ಮ ಮನೆಯೂ ಹಾಗೆಯೇ. ಅಜ್ಜನು ಮಣ್ಣನ್ನು ಪ್ರೀತಿಸಲಿಲ್ಲ. ಅದರ ಕೆಳಗೆ ಮಲಗುವವರನ್ನು ಪ್ರೀತಿಸಿದನು. ಅವರನ್ನು ಕಾಪಾಡುವುದಕ್ಕಾಗಿ ಆತನ ಮಣ್ಣನ್ನು ಇಳಿಸಿದವನು ಆತನ ಕೆಲಸವನ್ನೇ ಮುಂದುವರಿಸುತ್ತಾನೆ.

ಆದುದರಿಂದ ಬರುವ ಬೇಸಿಗೆಯಲ್ಲಿ ಗೌಂಡಿಯನ್ನು ಕರೆಸುವ ಮುನ್ನ ಮನೆಯವರೆಲ್ಲ ಒಮ್ಮೆ ಕುಳಿತು ವಿಚಾರಿಸಿರಿ: ಏನನ್ನು ಇಳಿಸಬೇಕು, ಏನನ್ನು ಮುಚ್ಚಿಟ್ಟಿದ್ದೇವೆ, ಯಾರ ಕಷ್ಟ ಇನ್ನೂ ನಮ್ಮ ಕಣ್ಣಿಗೆ ಬಿದ್ದಿಲ್ಲ? ಮಾಡಿದ ಕೆಲಸವನ್ನು, ಉಳಿದ ದೋಷವನ್ನೂ ಸಹ, ಒಂದು ವಹಿಯಲ್ಲಿ ಬರೆದಿಡಿರಿ. ಮುಂದಿನವರಿಗೆ ಗಟ್ಟಿ ಗೋಡೆಯೊಡನೆ ನಿಜವಾದ ಲೆಕ್ಕವನ್ನೂ ಒಪ್ಪಿಸುವುದು ಗೃಹಸ್ಥನ ಕರ್ತವ್ಯ.