ಲೆಕ್ಕ ಬರೆಯುವುದು, ತೀರ್ಪು ಕೊಡುವುದು

ವಿದ್ಯಾರ್ಥಿಯ ಕೆಲಸಕ್ಕೆ ಅಂಕ ಕೊಡುವವರು ಏನನ್ನು ಅಳೆಯುತ್ತಾರೆ? ಅವನ ತಿಳಿವನ್ನೇ, ಶ್ರಮವನ್ನೇ, ಅಥವಾ ಹೇಳಿದ ಹೊತ್ತಿಗೆ ತಂದೊಪ್ಪಿಸಲು ಅವನ ಮನೆಯಲ್ಲಿರುವ ಅನುಕೂಲವನ್ನೇ? ಪ್ರಶ್ನೆ ಹಳೆಯದು. ತರಗತಿಯು ಮೊಬೈಲಿನೊಳಗೆ ಬಂದ ಮೇಲೆ ಅದು ಇನ್ನಷ್ಟು ಹರಿತವಾಗಿದೆ.

ಗೂಗಲ್ ಸಂಸ್ಥೆ 2014ರಲ್ಲಿ ಆರಂಭಿಸಿದ ಗೂಗಲ್ ಕ್ಲಾಸ್‌ರೂಮ್ ನಮ್ಮ ಅನೇಕ ಶಾಲೆ ಕಾಲೇಜುಗಳಿಗೆ ಕೊರೋನಾ ಕಾಲದಲ್ಲಿ ಪರಿಚಯವಾಯಿತು. ಶಿಕ್ಷಕರು ಅದರಲ್ಲಿ ಒಂದು ತರಗತಿ ತೆರೆದು, ಪಾಠಕ್ಕೆ ತಕ್ಕಂತೆ ಕೆಲಸ ಕೊಟ್ಟು, ಗಡುವನ್ನೂ ಅಂಕವನ್ನೂ ನಿಗದಿ ಮಾಡುತ್ತಾರೆ. ಮಕ್ಕಳು ನೋಟ್‌ಬುಕ್ಕಿನ ಪುಟದ ಫೋಟೋ ತೆಗೆದು ಕಳಿಸಿದರೂ ಆಗುತ್ತದೆ. ಯಾರದು ಬಂತು, ಯಾರದು ತಡವಾಯಿತು ಎಂದು ಯಂತ್ರವೇ ಪಟ್ಟಿ ಮಾಡುತ್ತದೆ. ಗಡುವು ಮೀರಿದರೂ ಬಾರದ ಕೆಲಸದ ಮುಂದೆ 'ಮಿಸ್ಸಿಂಗ್' ಎಂದು ಬರುತ್ತದೆ.

ಇದರ ಉಪಕಾರವನ್ನು ಅಲ್ಲಗಳೆಯಬಾರದು. ನೋಟ್‌ಬುಕ್ಕುಗಳ ಕಟ್ಟನ್ನು ಮನೆಗೆ ಹೊರುವ ಪಾಡಿಲ್ಲ. 'ಕೊಟ್ಟಿದ್ದೆ ಸಾರ್', 'ಕೊಟ್ಟಿಲ್ಲ' ಎಂಬ ಜಗಳವಿಲ್ಲ. ತಪ್ಪನ್ನು ಆ ವಿದ್ಯಾರ್ಥಿಗೆ ಮಾತ್ರ ಕಾಣುವಂತೆ ಬರೆದು ತಿಳಿಸಬಹುದು. ಇಡೀ ತರಗತಿಯ ಎದುರು ನೋಟ್‌ಬುಕ್ ಎಸೆದು ಅವಮಾನಿಸುವುದಕ್ಕಿಂತ ಇದು ಎಷ್ಟೋ ಮರ್ಯಾದೆಯ ದಾರಿ.

ಆದರೆ ಯಂತ್ರ ಏನಾಯಿತೆಂದು ಬರೆಯುತ್ತದೆಯೇ ಹೊರತು ಏಕಾಯಿತೆಂದು ಬರೆಯುವುದಿಲ್ಲ. ಮನೆಗೆಲ್ಲ ಇರುವುದು ಒಂದೇ ಮೊಬೈಲು. ಬೆಳಿಗ್ಗೆ ಅಪ್ಪನ ಜೇಬಿನಲ್ಲಿ ಅದು ಕೆಲಸಕ್ಕೆ ಹೋಗುತ್ತದೆ. ರಾತ್ರಿ ಮರಳಿದಾಗ ಮೂವರು ಮಕ್ಕಳು ಅದಕ್ಕಾಗಿ ಕಾಯುತ್ತಿರುತ್ತಾರೆ. ಇಂಥ ಮನೆಯ ಹುಡುಗಿಯೂ ಉದಾಸೀನದ ಹುಡುಗನೂ ಆ ಪಟ್ಟಿಯಲ್ಲಿ ಒಂದೇ. 2020ರ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರ ಆರಂಭಿಸಿದ 'ವಿದ್ಯಾಗಮ' ಈ ಭೇದವನ್ನು ಗುರುತಿಸಿತ್ತು. ಮೊಬೈಲ್ ಇಲ್ಲದವರು, ಇಂಟರ್ನೆಟ್ ಇಲ್ಲದ ಮೊಬೈಲ್ ಉಳ್ಳವರು, ಎರಡೂ ಇರುವವರು ಎಂದು ಮಕ್ಕಳನ್ನು ವಿಂಗಡಿಸಿ, ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋದರು. ಅದೇ ಅಕ್ಟೋಬರಿನಲ್ಲಿ ಸೋಂಕಿನ ಭಯದಿಂದ ಅದು ನಿಂತಿತಾದರೂ ಅದರ ಹಿಂದಿನ ಅರಿವು ನಿಲ್ಲಬೇಕಾಗಿಲ್ಲ.

ಮನುಷ್ಯನ ಕರ್ಮಗಳನ್ನು ಬರೆದಿಡುವ ಕಿರಾಮನ್ ಕಾತಿಬೀನ್ ಎಂಬ ದೇವಚರರಲ್ಲಿ ಮುಸ್ಲಿಮರಿಗೆ ನಂಬಿಕೆಯಿದೆ. ಅವರು ಬರೆಯುತ್ತಾರೆ, ತೀರ್ಪು ಕೊಡುವುದಿಲ್ಲ. ತೀರ್ಪು ನಿಯ್ಯತ್ತನ್ನೂ, ಅಂದರೆ ಮನಸ್ಸಿನ ಉದ್ದೇಶವನ್ನೂ ಬಲ್ಲವನದು. ಮನುಷ್ಯರಾದ ನಮಗೆ ಇನ್ನೊಬ್ಬರ ಮನಸ್ಸು ಕಾಣುವುದಿಲ್ಲ. ಆದ್ದರಿಂದಲೇ ಕೇಳಿ ತಿಳಿಯುವ ಹೊಣೆ ನಮ್ಮ ಮೇಲಿದೆ. ಬರೆಯುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಬಹುದು, ಕೇಳುವ ಕೆಲಸವನ್ನು ಒಪ್ಪಿಸಲಾಗದು.

ಹಾಗಾದರೆ ನಿದ್ದೆಗೆಟ್ಟು ಸಮಯಕ್ಕೆ ಸರಿಯಾಗಿ ಕಳಿಸಿದವರಿಗೆ ಇದು ಅನ್ಯಾಯವಲ್ಲವೇ? ನ್ಯಾಯವಾದ ಆಕ್ಷೇಪ. ಅಳತೆ ತೂಕದಲ್ಲಿ ಮೋಸ ಮಾಡುವವರನ್ನು ಎಚ್ಚರಿಸಲೆಂದೇ ಕುರ್‌ಆನಿನಲ್ಲಿ 'ಅಲ್ ಮುತಫ್ಫಿಫೀನ್' ಎಂಬ ಅಧ್ಯಾಯವಿದೆ. ಅಂಕವೂ ಒಂದು ತೂಕ, ಒಂದು ಸಾಕ್ಷ್ಯ. ಲೆಕ್ಕ ಬಲ್ಲ ಹುಡುಗಿಗೆ ತಡವಾಯಿತೆಂದು ಲೆಕ್ಕದಲ್ಲಿ ಸೊನ್ನೆ ಕೊಟ್ಟರೆ ಅದು ಸುಳ್ಳು ಸಾಕ್ಷ್ಯ. ಬಡವಳೆಂಬ ಕನಿಕರದಿಂದ ತಿಳಿಯದ ಲೆಕ್ಕಕ್ಕೆ ಅಂಕ ಕೊಟ್ಟರೆ ಅದೂ ಸುಳ್ಳು ಸಾಕ್ಷ್ಯವೇ. ಮೊದಲನೆಯದು ಅವಳ ಹಕ್ಕನ್ನು ಕಸಿಯುತ್ತದೆ. ಎರಡನೆಯದು ಅವಳನ್ನು ಮುಂದಿನ ತರಗತಿಯಲ್ಲಿ ಕೈಬಿಡುತ್ತದೆ.

ಕಷ್ಟದಲ್ಲಿರುವ ಸಾಲಗಾರನಿಗೆ ಕಾಲಾವಕಾಶ ಕೊಡಬೇಕೆಂಬುದು ಕುರ್‌ಆನಿನ ಬೋಧನೆ. ಶಿಕ್ಷಕರಿಗೂ ಅದರಲ್ಲಿ ದಾರಿಯಿದೆ. ಔದಾರ್ಯ ಗಡುವಿನಲ್ಲಿರಲಿ, ತೂಕದಲ್ಲಿ ಬೇಡ. ಕಾರಣ ಹೇಳಿದವರಿಗೆಲ್ಲ ಆ ಅವಕಾಶ ಸಮಾನವಾಗಿ ಸಿಗಲಿ. ಸಮಯಪಾಲನೆಯನ್ನು ಅಳೆಯಲೇಬೇಕಿದ್ದರೆ ಅದಕ್ಕೆ ಬೇರೆ ಅಂಕವಿರಲಿ, ಜ್ಞಾನದ ಅಂಕದೊಳಗೆ ಅದನ್ನು ಬೆರೆಸುವುದು ಬೇಡ.

'ಮಿಸ್ಸಿಂಗ್' ಎಂಬ ಪದ ಕಂಡಾಗ ಸೊನ್ನೆ ಹಾಕಲು ಒಂದು ಕ್ಷಣ ಸಾಕು. 'ಯಾಕಮ್ಮಾ, ಏನಾಯಿತು?' ಎಂದು ಕೇಳಲು ಇನ್ನೂ ಸ್ವಲ್ಪ ಹೊತ್ತು ಬೇಕು. ನೋಟ್‌ಬುಕ್ ಹೊರುವ ಶ್ರಮವನ್ನು ಯಂತ್ರ ಉಳಿಸಿಕೊಟ್ಟಿರುವಾಗ, ಆ ಹೊತ್ತು ನಮ್ಮಲ್ಲಿಲ್ಲ ಎನ್ನುವಂತಿಲ್ಲ.