ಅಮ್ಮನನ್ನು ಕೂರಿಸುವ ಮುನ್ನ

"ಅಮ್ಮ, ನಿಮಗ್ಯಾಕೆ ಈ ಕೆಲಸ? ಸುಮ್ಮನೆ ಕೂತ್ಕೊಳ್ಳಿ." ಹಲಸೂರಾಗಲಿ, ಕೆ.ಆರ್. ಪುರವಾಗಲಿ, ವಯಸ್ಸಾದ ತಾಯಿಯಿರುವ ಮನೆಗಳಲ್ಲಿ ದಿನವೂ ಕೇಳಿಬರುವ ಮಾತಿದು. ಅವರ ಕೈಯಿಂದ ಚೀಲ ಕಿತ್ತುಕೊಳ್ಳುತ್ತೇವೆ. ರಸೆಲ್ ಮಾರ್ಕೆಟ್ಟಿಗೆ ಹೋಗುವುದು ಬೇಡವೆನ್ನುತ್ತೇವೆ. ಸೆಪ್ಟೆಂಬರ್ 8ರ ಮರಿಯಮ್ಮನವರ ಹಬ್ಬಕ್ಕೆ ಶಿವಾಜಿನಗರದ ಬಸಿಲಿಕಕ್ಕೆ ನಡೆದೇ ಬರುತ್ತೇನೆಂದರೆ ಗದರಿಸುತ್ತೇವೆ. ಎಲ್ಲವೂ ಪ್ರೀತಿಯಿಂದಲೇ. ತಂದೆತಾಯಿಯರನ್ನು ಗೌರವಿಸಬೇಕೆಂಬ ಕಟ್ಟಳೆಯನ್ನು ಪಾಲಿಸಿದ ತೃಪ್ತಿಯೂ ನಮಗಿರುತ್ತದೆ. ಆದರೆ ಪ್ರಿಯ ಓದುಗರೇ, ಅಮ್ಮನ ಮೂಳೆಗಳು ಈ ಪ್ರೀತಿಯನ್ನು ಹೇಗೆ ಸ್ವೀಕರಿಸುತ್ತವೆಂದು ಯೋಚಿಸಿದ್ದೇವೆಯೇ?

ಮೂಳೆಗೂ ಜೀವವಿದೆ. ಹಳೆಯದನ್ನು ಕರಗಿಸುವ ಕೋಶಗಳೂ ಹೊಸದನ್ನು ಕಟ್ಟುವ ಕೋಶಗಳೂ ಅದರಲ್ಲಿ ಕಡೆಯತನಕ ದುಡಿಯುತ್ತಿರುತ್ತವೆ. ನಮ್ಮ ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳಲ್ಲೂ ಇರುವ ಜೀನ್‌ಗಳು, ಅಂದರೆ ವಂಶವಾಹಿಗಳು, ಒಂದೇ. ಯಾವ ಕೋಶದಲ್ಲಿ ಯಾವ ಜೀನ್ ಕೆಲಸಕ್ಕಿಳಿಯುತ್ತದೆ ಎಂಬುದರಲ್ಲಿ ವ್ಯತ್ಯಾಸವಿದೆ. ಮೂಳೆ ಕಟ್ಟುವ ಕೋಶ ರೂಪುಗೊಳ್ಳಲು ರನ್‌ಎಕ್ಸ್-2 ಎಂಬ ಜೀನ್ ಬೇಕೇ ಬೇಕು. ಅದಿಲ್ಲದೆ ಹುಟ್ಟಿದ ಇಲಿಮರಿಗಳ ಅಸ್ಥಿಪಂಜರವೆಲ್ಲ ಬರೀ ಮೃದ್ವಸ್ಥಿಯಾಗಿತ್ತೆಂದು 1997ರಲ್ಲಿ ವಿಜ್ಞಾನಿಗಳು ತೋರಿಸಿದರು.

ಕಟ್ಟುವ ಕೋಶಗಳಲ್ಲಿ ಕೆಲವು ತಾವು ಕಟ್ಟಿದ ಮೂಳೆಯೊಳಗೇ ಹುದುಗಿಹೋಗುತ್ತವೆ. ಗೋಡೆಯೊಳಗೆ ಉಳಿದುಬಿಟ್ಟ ಗಾರೆಯವನ ಹಾಗೆ ಎನ್ನಿ! ನಡೆದಾಗ, ಮೆಟ್ಟಿಲು ಹತ್ತಿದಾಗ ಮೂಳೆಯ ಮೇಲೆ ಬೀಳುವ ಭಾರವನ್ನು ಅವು ಗ್ರಹಿಸುತ್ತವೆ. ಭಾರ ಬೀಳದಿದ್ದರೆ ಅವುಗಳಲ್ಲಿನ ಒಂದು ಜೀನ್ ಚುರುಕಾಗಿ ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನು ಹೆಚ್ಚುತ್ತದೆ. ಕಟ್ಟುವ ಕೋಶಗಳಿಗೆ ಅದು "ಸಾಕು, ನಿಲ್ಲಿಸಿ" ಎಂಬ ಅಪ್ಪಣೆ. ಭಾರ ಬಿದ್ದಾಗ ಅದು ಇಳಿಯುತ್ತದೆ, ಕೆಲಸ ಮತ್ತೆ ಸಾಗುತ್ತದೆ. ಈ ಪ್ರೋಟೀನನ್ನು ತಡೆಯುವ ಚುಚ್ಚುಮದ್ದಿಗೆ 2019ರಲ್ಲಿ ಅಮೆರಿಕ ಅನುಮತಿ ಕೊಟ್ಟಿತು. ಭಾರವೇ ತಿಳಿಯದ ಬಾಹ್ಯಾಕಾಶದಲ್ಲಿ ಯಾತ್ರಿಗಳು ಸೊಂಟದ ಮೂಳೆಯನ್ನು ತಿಂಗಳಿಗೆ ಸುಮಾರು ನೂರಕ್ಕೆ ಒಂದರಷ್ಟು ಕಳೆದುಕೊಳ್ಳುತ್ತಾರೆ. ನಮ್ಮ ಮನೆಯ ಕುರ್ಚಿಯಲ್ಲಿ ಕೂತವರದು ಅಷ್ಟು ಕಠಿಣ ಸ್ಥಿತಿಯಲ್ಲದಿರಬಹುದು. ದಾರಿ ಮಾತ್ರ ಅದೇ.

"ನಮ್ಮ ವಂಶದಲ್ಲೇ ಮೂಳೆ ಸವೆತ" ಎಂದು ಕೈಚೆಲ್ಲುವವರಿದ್ದಾರೆ. ವಂಶದ ಪಾಲು ಇದೆ, ಮುಟ್ಟು ನಿಂತ ಮೇಲಿನ ಬದಲಾವಣೆಯ ಪಾಲೂ ಇದೆ. ಆದರೂ ಬಂದ ಜೀನ್ ಎಷ್ಟು ಕೆಲಸ ಮಾಡುತ್ತದೆಂಬುದರಲ್ಲಿ ಮನೆಯವರ ನಡವಳಿಕೆಗೂ ಒಂದು ಪಾಲಿದೆಯಲ್ಲವೇ?

ಮಗನ ಭಯವೇನೂ ಸುಳ್ಳಲ್ಲ. ನಮ್ಮ ಫುಟ್‌ಪಾತ್‌ಗಳಲ್ಲಿ ಪ್ರಾಯದವರೇ ಎಡವುತ್ತಾರೆ. ಎಪ್ಪತ್ತೈದರಲ್ಲಿ ಸೊಂಟದ ಮೂಳೆ ಮುರಿದರೆ ಮತ್ತೆ ಏಳುವುದು ಕಷ್ಟ. ವೈದ್ಯರನ್ನು ಕೇಳದೆ ನಡೆಸಿ ಎಂದು ನಾನು ಹೇಳಲಾರೆ. ಆದರೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಅಮ್ಮನ ಕೈ ಹಿಡಿದು, ಅವರ ಹೆಜ್ಜೆಗೆ ಹೆಜ್ಜೆ ಹಾಕಿ ಮಾರ್ಕೆಟ್ಟಿನವರೆಗೆ ಹೋಗಿಬರುವಷ್ಟು ಪುರುಸೊತ್ತು ನಮಗಿಲ್ಲ. ಕುರ್ಚಿ ಹಾಕಿಕೊಟ್ಟಿದ್ದು ಅದಕ್ಕೂ ಇರಬಹುದು.

ಅಮ್ಮನಿಗೂ ಇದು ಗೊತ್ತಿದ್ದಂತಿದೆ. ನಾವು ಆಫೀಸಿಗೆ ಹೊರಟೊಡನೆ ಎದ್ದು ಲೋಟ ತೊಳೆಯುತ್ತಾರೆ. ಸಂಜೆ ಕೇಳಿದರೆ, ಕೂತೇ ಇದ್ದೆನಪ್ಪಾ ಎನ್ನುತ್ತಾರೆ.