ಕೂಸು ಯಾರ ಪಾಲಿಗೆ?

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದರು ನಮ್ಮ ಹಿರಿಯರು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದವರೂ ಅವರೇ. ಉಂಡು ಮಲಗಿದರೂ ತೀರದ ಜಗಳ ಕೌಟುಂಬಿಕ ನ್ಯಾಯಾಲಯದ ಮೆಟ್ಟಿಲು ಹತ್ತಿದಾಗ ಮೊದಲನೆಯ ಗಾದೆ ಸುಳ್ಳಾಗಿರುತ್ತದೆ. ಎರಡನೆಯದೂ ಸುಳ್ಳಾಗಲಿ ಎಂದು ನ್ಯಾಯಾಧೀಶರು ಹೆಣಗುತ್ತಾರೆ.

ಕಾನೂನಿಗೆ ಕರುಳಿಲ್ಲ ಎನ್ನುವಂತಿಲ್ಲ. ಹಿಂದೂಗಳಿಗೆ ಅನ್ವಯಿಸುವ 1956ರ ಪೋಷಕತ್ವದ ಕಾಯ್ದೆಯಂತೆ ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು. ಎಲ್ಲಕ್ಕಿಂತ ಮಗುವಿನ ಹಿತ ದೊಡ್ಡದು. ತಂದೆಗೆ ಇಂತಿಷ್ಟು ಭಾನುವಾರ, ರಜೆಯಲ್ಲಿ ಇಷ್ಟು ದಿನ ಎಂದು ನ್ಯಾಯಾಲಯ ಭೇಟಿಯ ಸಮಯ ಗೊತ್ತುಮಾಡುತ್ತದೆ. ಎಳೆಯ ಮಗುವಿಗೆ ಇಬ್ಬರ ಪ್ರೀತಿಯೂ ಬೇಕು, ಅದು ಮಗುವಿನ ಹಕ್ಕೇ ಹೌದು ಎಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಗಮನಿಸಿ, ಹಕ್ಕು ಮಗುವಿನದು.

ಆದರೆ ಆದೇಶದಲ್ಲಿ ಬರೆಯಲಾಗದ್ದು ಒಂದಿದೆ. ಬೆಳಿಗ್ಗೆ ಹತ್ತಕ್ಕೆ ಮಗುವನ್ನು ಒಪ್ಪಿಸಿ ಎಂದು ಬರೆಯಬಹುದು. ಎಂಥ ಮುಖ ಹೊತ್ತು ಒಪ್ಪಿಸಬೇಕು ಎಂದು ಬರೆಯಲಾಗದು. ಚಿಕ್ಕ ಮಕ್ಕಳು ಓದುವುದು ಆ ಮುಖವನ್ನೇ. ಶಾಲೆಯಲ್ಲಿ ಅಂಥ ಮಕ್ಕಳನ್ನು ಕಂಡಿದ್ದೇನೆ. "ನಿನ್ನೆ ಅಪ್ಪನ ಜೊತೆ ಎಲ್ಲಿಗೆ ಹೋಗಿದ್ದೆ ಪುಟ್ಟಾ?" ಎಂದರೆ ಬೇರೆ ಮಕ್ಕಳಂತೆ ಬಡಬಡನೆ ಹೇಳುವುದಿಲ್ಲ. ಗೇಟಿನ ಬಳಿ ಅಮ್ಮ ಇನ್ನೂ ನಿಂತಿದ್ದಾಳೆಯೇ ಎಂದು ನೋಡುತ್ತವೆ. ಹಾಲುಹಲ್ಲು ಬೀಳುವ ಮೊದಲೇ ವಕೀಲರ ಎಚ್ಚರ!

"ನನ್ನನ್ನು ಅಷ್ಟು ಅಳಿಸಿದವರ ಹತ್ತಿರ ಮಗೂನ ನಗುನಗುತ್ತಾ ಕಳಿಸಬೇಕಾ ಟೀಚರ್? ಅದು ನಾಟಕ ಅಲ್ವಾ?" ಎಂದು ಒಬ್ಬ ತಾಯಿ ನನ್ನನ್ನು ಕೇಳಿದ್ದಳು. ಸುಲಭಕ್ಕೆ ತಳ್ಳಿಹಾಕುವ ಪ್ರಶ್ನೆಯಲ್ಲ ಅದು. ಹೊಡೆತ, ಬೆದರಿಕೆಗಳಿದ್ದ ಕಡೆ ನಗು ಬೇಕಿಲ್ಲ; ಭೇಟಿಯಿಂದ ಮಗುವಿಗೆ ಕೇಡು ಎಂದು ಕಂಡರೆ ಮ್ಯಾಜಿಸ್ಟ್ರೇಟರು ಅದನ್ನು ನಿರಾಕರಿಸಬೇಕೆಂದೇ 2005ರ ಕೌಟುಂಬಿಕ ಹಿಂಸೆಯ ಕಾಯ್ದೆ ಹೇಳುತ್ತದೆ. ಆ ತಾಯಿ ಧೈರ್ಯವಾಗಿ ಅದನ್ನು ಕೇಳಬೇಕು. ಆದರೆ ಗಂಡನಾಗಿ ಕೆಟ್ಟವನಾದವನು ಅಪ್ಪನಾಗಿಯೂ ಕೆಟ್ಟವನೇ ಆಗಬೇಕೆಂದಿಲ್ಲ. ನಮಗಾದ ಅನ್ಯಾಯ ನಿಜ. ಅದಕ್ಕೆ ಸಾಕ್ಷಿ ಹೇಳುವ ಕೆಲಸ ಮಗುವಿನದಲ್ಲ.

ತಂದೆಯರಿಗೂ ಈ ಮಾತು ಸಲ್ಲುತ್ತದೆ. ಹತ್ತಕ್ಕೆ ಬರುತ್ತೇನೆಂದು ಹನ್ನೆರಡಕ್ಕೆ ಬಂದರೆ ಅವನಿಗೆ ಎರಡು ಗಂಟೆ. ಚಪ್ಪಲಿ ಹಾಕಿಕೊಂಡು ಕಿಟಕಿಯಲ್ಲಿ ಕಾದ ಕೂಸಿಗೆ ಅದೊಂದು ಯುಗ. ಮೂರು ವರ್ಷದ ಮಗುವಿಗೆ "ಇನ್ನು ಹದಿನೈದು ದಿನ" ಎಂದರೆ ಅರ್ಥವಾಗದು. ಅಂಥವರಿಗೆ ಅಪರೂಪದ ದೀರ್ಘ ಭೇಟಿಗಿಂತ ಅಡಿಗಡಿಗೆ ಸ್ವಲ್ಪ ಹೊತ್ತು ಸಿಗುವುದೇ ಮೇಲು. ಬಂದವನು ದುಬಾರಿ ಆಟಿಕೆ ತರದಿದ್ದರೂ ಚಿಂತೆಯಿಲ್ಲ, "ಅಮ್ಮ ನನ್ನ ಬಗ್ಗೆ ಏನಂದಳು?" ಎಂದು ಕೇಳದಿರಲಿ.

ಇನ್ನು ಆ ನಗು ನಾಟಕವೇ? ಸೂಜಿ ಚುಚ್ಚಿಸಲು ಮಗುವನ್ನು ಆಸ್ಪತ್ರೆಗೆ ಒಯ್ಯುವಾಗ ನಮ್ಮ ಎದೆಯೂ ಡವಗುಟ್ಟುತ್ತದೆ. ಆದರೂ "ಏನಿಲ್ಲ ಕಂದಾ, ಇರುವೆ ಕಚ್ಚಿದ ಹಾಗೆ" ಎನ್ನುತ್ತೇವೆ. ಅದನ್ನು ಯಾರೂ ಮೋಸ ಎನ್ನುವುದಿಲ್ಲ. ನಮ್ಮ ಭಯದ ಭಾರವನ್ನು ಮಗುವಿನ ತಲೆಗೆ ಹೊರಿಸದೆ ನಾವೇ ಹೊರುತ್ತೇವೆ, ಅಷ್ಟೆ. ಭಾನುವಾರ ಬಾಗಿಲಲ್ಲಿ ನಿಂತು "ಹೋಗಿ ಬಾ ಮರಿ, ಅಪ್ಪನ ಜೊತೆ ಚೆನ್ನಾಗಿ ಆಡು" ಎನ್ನುವುದೂ ಅಂಥದೇ ಹೊರೆ. ಮಗು ಕಣ್ಮರೆಯಾದ ಮೇಲೆ ಬಾಗಿಲು ಹಾಕಿಕೊಂಡು ಅಳಬೇಕೆನಿಸಿದರೆ ಅಳಬಹುದು.